ಎಡಗೋಲಿನ ಎತ್ತು

ನಮ್ಮ ಮನೆಯಲ್ಲಿ ಇದ್ದದ್ದು ಒಂದೇ ಎತ್ತು. ಹೀಗೆಂದರೆ ಕಲಬುರಗಿಯ ನಮ್ಮ ಶಾಲೆಯ ಸಹೋದ್ಯೋಗಿಗಳು ನಗುತ್ತಾರೆ. ಒಂದು ಎತ್ತು ಇಟ್ಟುಕೊಂಡು ಏನು ಮಾಡುತ್ತಿದ್ದಿರಿ, ಸವಾರಿಯೇ ಎಂದು ಒಬ್ಬರು ಕೇಳಿದರು. ಅವರಿಗೆ ಊರಲ್ಲಿ ನೀರಾವರಿ ಜಮೀನು ಬೇಕಾದಷ್ಟಿದೆ, ಅದನ್ನು ಅವರು ಕಣ್ಣಾರೆ ನೋಡಿ ಎಷ್ಟು ವರ್ಷವಾಯಿತೋ ಅವರಿಗೇ ನೆನಪಿಲ್ಲ. ಅಂಥವರಿಗೆ ಉತ್ತರ ಕೊಡಬಾರದು ಎಂದುಕೊಂಡರೂ ನನ್ನ ಬಾಯಿ ಸುಮ್ಮನಿರುವುದಿಲ್ಲ. ಇನ್ನೊಂದು ಎತ್ತು ಬದುವಿನಾಚೆ ಇತ್ತು ಎಂದೆ. ಅವರಿಗೆ ಅರ್ಥವಾಗಲಿಲ್ಲ, ನಾನೂ ಬಿಡಿಸಿ ಹೇಳಲಿಲ್ಲ. ಇಲ್ಲಿ ಹೇಳುತ್ತೇನೆ.

ಮಹಾಗಾಂವ ಕ್ರಾಸಿನಿಂದ ಸ್ವಲ್ಪ ಒಳಗೆ ನಮ್ಮ ಊರು. ಅಬ್ಬಾಗೆ ಇದ್ದದ್ದು ಮೂರೆಕರೆಗೂ ತುಸು ಕಡಿಮೆ ಹೊಲ. ಬದುವಿನಾಚೆ ಹೆಚ್ಚುಕಡಿಮೆ ಅಷ್ಟೇ ಹೊಲ ಇದ್ದವರು ಇನ್ನೊಬ್ಬರು, ದಿನಾ ವಿಭೂತಿ ಹಚ್ಚಿಕೊಂಡೇ ಹೊಲಕ್ಕೆ ಬರುವ ಮನೆತನದವರು. ಅಕ್ಕನಾದ ನಾನೂ ನನ್ನ ತಮ್ಮನೂ ಅವರನ್ನು ಕಾಕಾ ಎಂದೇ ಕರೆಯುತ್ತ ಬೆಳೆದವರು. ಕಾಕಾ ಅಬ್ಬಾಗಿಂತ ವಯಸ್ಸಿನಲ್ಲಿ ಸಾಕಷ್ಟು ಚಿಕ್ಕವರು. ಅವರ ಮನೆಯಲ್ಲೂ ಒಂದೇ ಎತ್ತು.

ಬಡತನದಿಂದ ಒಂದೇ ಎತ್ತು ಇಟ್ಟುಕೊಂಡಿದ್ದರು ಎಂದು ಯಾರೂ ತಿಳಿಯಬಾರದು. ಅದು ಲೆಕ್ಕ ಹಾಕಿ ಮಾಡಿದ ಕೆಲಸ. ಎತ್ತು ದುಡಿಯುವುದು ವರ್ಷದಲ್ಲಿ ಕೆಲವೇ ವಾರ, ತಿನ್ನುವುದು ವರ್ಷವಿಡೀ. ಮೂರೆಕರೆ ಹೊಲ ಎರಡು ಎತ್ತಿನ ಹೊಟ್ಟೆ ತುಂಬಿಸಿ ಆಮೇಲೆ ಮನುಷ್ಯರ ಹೊಟ್ಟೆಯನ್ನೂ ತುಂಬಿಸಲಾರದು. ಹಾಗಾಗಿ ಈ ಮನೆಯದು ಒಂದು, ಆ ಮನೆಯದು ಒಂದು. ಹಗ್ಗ ಅವರವರದು, ಮೇವು ಅವರವರದು, ನೊಗ ಮಾತ್ರ ಇಬ್ಬರದೂ. ಒಂದು ದಿನ ನಮ್ಮ ಹೊಲ, ಒಂದು ದಿನ ಅವರ ಹೊಲ. ಅರ್ಧ ಕಮತ ನಮ್ಮದು, ಅರ್ಧ ಅವರದು, ಎರಡೂ ಸೇರಿದರೆ ಒಂದು ಕಮತ.

ನಮ್ಮದು ಎಡಗೋಲಿನ ಎತ್ತು, ಅವರದು ಬಲಗೋಲಿನದು. ಅಂದರೆ ನೊಗದ ಎಡಬದಿಗೆ ನಮ್ಮದನ್ನು ಹೂಡಬೇಕು, ಬಲಬದಿಗೆ ಅವರದನ್ನು. ಎಡಕ್ಕೆ ನಡೆದು ರೂಢಿಯಾದ ಎತ್ತನ್ನು ಬಲಕ್ಕೆ ಕಟ್ಟಿದರೆ ಅದು ಸಾಲು ಹಿಡಿಯುವುದಿಲ್ಲ, ಕತ್ತು ತಿರುವಿಕೊಂಡು ನಿಂತುಬಿಡುತ್ತದೆ. ಆದ್ದರಿಂದ ನಮ್ಮ ಎತ್ತಿಗೆ ವಯಸ್ಸಾದರೆ ಮತ್ತೆ ಎಡಗೋಲಿನದನ್ನೇ ಹುಡುಕಬೇಕಾಗಿತ್ತು. ಕಮಲಾಪುರದ ಸಂತೆಗೆ ಅಬ್ಬಾ ಒಬ್ಬರೇ ಹೋಗುವಂತಿರಲಿಲ್ಲ, ಕಾಕಾನೂ ಜೊತೆಗೆ ಹೊರಡುತ್ತಿದ್ದರು. ಎತ್ತು ಕೊಳ್ಳುವವರು ನಾವು, ಆದರೆ ಅದು ಬಾಳಬೇಕಾದದ್ದು ಅವರ ಎತ್ತಿನ ಜೊತೆ. ಕನ್ಯೆ ನೋಡಲು ಹೋದ ಬೀಗರ ಹಾಗೆ ಕಾಕಾ ಅದರ ಎತ್ತರ, ನಡಿಗೆ, ಸಿಟ್ಟು ಎಲ್ಲ ನೋಡಿ, ಅವರು ಹೂಂ ಎಂದ ಮೇಲೇ ಅಬ್ಬಾ ಜೇಬಿಗೆ ಕೈ ಹಾಕುತ್ತಿದ್ದರು.

ಮನೆಯಲ್ಲಿ ನಮ್ಮ ಮಾತು ದಖ್ಖನಿ ಉರ್ದು. ಕೊಟ್ಟಿಗೆಗೆ ಕಾಲಿಟ್ಟರೆ ಮಾತ್ರ ಕನ್ನಡ. ಕಾಕಾನ ಎತ್ತಿಗೆ ಉರ್ದು ಬರುತ್ತಿರಲಿಲ್ಲ, ಅದರ ಜೋಡಿಗೆ ಬೇರೆ ಭಾಷೆ ಕಲಿಸಿದರೆ ಉಳುವವನ ಗತಿ ಏನು? ಅಮ್ಮಿ ನಮ್ಮನ್ನು ದಖ್ಖನಿಯಲ್ಲಿ ಬೈದು, ಅದೇ ಉಸಿರಿನಲ್ಲಿ ಎತ್ತನ್ನು ಕನ್ನಡದಲ್ಲಿ ಬೈಯುತ್ತಿದ್ದಳು. ನಾನು ಈಗ ಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ಕನ್ನಡದಲ್ಲಿ ಗದರಲು ಮೊದಲು ಕಲಿತದ್ದು ಎತ್ತಿಗೆ, ಆಮೇಲೆ ಮಕ್ಕಳಿಗೆ. ಇಂದಿಗೂ ನಾನೂ ತಮ್ಮನೂ ದಖ್ಖನಿಯಲ್ಲಿ ಮಾತಾಡುತ್ತ ಮಾತಾಡುತ್ತ ಎತ್ತಿನ ವಿಷಯ ಬಂತೆಂದರೆ ನಮಗೇ ಗೊತ್ತಿಲ್ಲದೆ ಕನ್ನಡಕ್ಕೆ ಬಂದಿರುತ್ತೇವೆ.

ಕಾರ ಹುಣ್ಣಿಮೆಗೆ ಎರಡೂ ಎತ್ತುಗಳಿಗೆ ಕಾಕಾನ ಅಂಗಳದಲ್ಲೇ ಸ್ನಾನ. ಕೊಂಬಿಗೆ ಒಂದೇ ಬಣ್ಣ. ಅಮ್ಮಿ ನಮ್ಮ ಮನೆಯಿಂದ ಬೆಲ್ಲ, ಕಡಲೆ ಕಳಿಸುತ್ತಿದ್ದಳು. ಸಂಜೆ ನಮ್ಮ ಎತ್ತು ಹಣೆಗೆ ಕುಂಕುಮ ಹಚ್ಚಿಸಿಕೊಂಡು ಮನೆಗೆ ಬರುತ್ತಿತ್ತು, ಅಬ್ಬಾ ಅದನ್ನು ಒರೆಸದೆ ಹಾಗೇ ಕಟ್ಟುತ್ತಿದ್ದರು.

ಇದೆಲ್ಲ ಕೇಳಿ ಎರಡೂ ಮನೆಯವರು ಹಾಲು ಸಕ್ಕರೆಯ ಹಾಗಿದ್ದರು ಎಂದುಕೊಳ್ಳಬೇಡಿ. ಜಗಳವಿತ್ತು, ಚೆನ್ನಾಗಿಯೇ ಇತ್ತು. ಜಗಳವೆಲ್ಲ ಪಾಳಿಯದು. ಮಳೆ ಬಿದ್ದು ಮಣ್ಣು ಹದಕ್ಕೆ ಬಂದಾಗ ಮೊದಲ ದಿನ ಬಿತ್ತುವವನದು ಒಂದು ನಸೀಬು, ಕಾದು ಬಿತ್ತುವವನದು ಇನ್ನೊಂದು. ನಡುವೆ ಮತ್ತೆ ಮಳೆ ಹಿಡಿದರೆ ಎರಡನೆಯವನ ಬಿತ್ತನೆ ವಾರಗಟ್ಟಲೆ ನಿಲ್ಲುತ್ತದೆ. ಅದಕ್ಕೇ ಒಂದು ವರ್ಷ ಮೊದಲು ಇವರದು, ಮರುವರ್ಷ ಮೊದಲು ಅವರದು ಎಂದು ಪಾಳಿ. ಅದನ್ನು ಯಾರೂ ಬರೆದಿಟ್ಟಿರಲಿಲ್ಲ. ಒಂದು ವರ್ಷ ಮುಂಗಾರು ಕೈಕೊಟ್ಟು ಇಬ್ಬರೂ ಬಿತ್ತಲೇ ಇಲ್ಲ. ಮರುವರ್ಷ ಪಾಳಿ ಯಾರದು? ನಮ್ಮದು ಎಂದರು ಅಬ್ಬಾ. ನಮ್ಮದು ಎಂದರು ಕಾಕಾ. ಆ ಹಂಗಾಮು ಪೂರ್ತಿ ಇಬ್ಬರೂ ಒಬ್ಬರೊಂದಿಗೊಬ್ಬರು ಮಾತಾಡಲಿಲ್ಲ. ಆದರೆ ಎತ್ತುಗಳನ್ನು ಹೂಡಬೇಕಲ್ಲ? ಕಾಕಾ ನಮ್ಮ ಎತ್ತಿನ ಎದುರು ನಿಂತು, ನಾಳೆ ನಸುಕಿಗೇ ಬರಬೇಕಂತ ಹೇಳು ನಿಮ್ಮ ಮಾಲಕಗ ಎನ್ನುತ್ತಿದ್ದರು. ಅಬ್ಬಾ ಕಾಕಾನ ಎತ್ತಿನ ಬೆನ್ನು ಸವರಿ, ಕಿವಿ ಕೇಳಿಸ್ತದ ನನಗ, ಅಷ್ಟು ಒದರಬ್ಯಾಡ ಅನ್ನು ಎನ್ನುತ್ತಿದ್ದರು. ನಾವು ಮಕ್ಕಳು ಬದುವಿನ ಮೇಲೆ ಕೂತು ನಕ್ಕು ನಕ್ಕು ಏಟು ತಿಂದದ್ದೂ ಉಂಟು.

ಅಬ್ಬಾ, ಅಮ್ಮಿ ಇಬ್ಬರೂ ಹೋದ ಮೇಲೆ ಹೊಲ ತಮ್ಮನ ಕೈಗೆ ಬಂತು. ನಾನು ಅಷ್ಟರಲ್ಲಿ ಕಲಬುರಗಿಯಲ್ಲಿ ಸೇಡಂ ರಸ್ತೆಯ ಆಚೆ ಒಂದು ಬಡಾವಣೆಯಲ್ಲಿ ನೆಲೆಸಿದ್ದೆ. ಹೊಲದಲ್ಲಿ ನನ್ನದೂ ಪಾಲಿತ್ತು. ಪಾಲಿನ ಬದಲಿಗೆ ತಮ್ಮ ಪ್ರತಿ ವರ್ಷ ಒಂದು ಚೀಲ ಜೋಳ, ಒಂದಿಷ್ಟು ತೊಗರಿ ತಂದುಹಾಕುತ್ತಿದ್ದ. ನಮ್ಮ ಹೊಲದ ಜೋಳ ಎಂದು ಅಕ್ಕಪಕ್ಕದವರಿಗೆ ರೊಟ್ಟಿ ಹಂಚುವುದು ನನ್ನ ದೊಡ್ಡ ಹೆಮ್ಮೆ. ಬೆವರು ಅವನದು, ಹೆಮ್ಮೆ ನನ್ನದು.

ಆ ಹೊತ್ತಿಗೆ ಹಳೆಯ ಲೆಕ್ಕ ತಪ್ಪಿತ್ತು. ಮೊದಲು ಹೊಲದ ತುಂಬ ಜೋಳ ಹಾಕುತ್ತಿದ್ದರು, ಕಾಳು ನಮಗೆ, ಒಣಗಿದ ದಂಟಿನ ಕಣಿಕೆ ಎತ್ತಿಗೆ. ತೊಗರಿಗೆ ಬೆಲೆ ಬಂದ ಮೇಲೆ ಎಲ್ಲರೂ ತೊಗರಿಗೆ ಬಿದ್ದರು, ಜೋಳ ಮನೆ ಮಟ್ಟಿಗೆ ಒಂದು ಪಟ್ಟಿಯಷ್ಟಾಯಿತು. ತೊಗರಿಯ ಹೊಟ್ಟು ಸ್ವಲ್ಪ ಸಿಗುತ್ತದೆ, ಕಟ್ಟಿಗೆ ಒಲೆಗೆ ಹೋಗುತ್ತದೆ. ಎತ್ತಿನ ಹೊಟ್ಟೆಗೆ ಕಣಿಕೆ ಕೊಂಡೇ ತರಬೇಕು. ಹೊಲದಲ್ಲಿ ಬೆಳೆದದ್ದನ್ನು ಮಾರಿ, ಹೊಲದಲ್ಲೇ ಬೆಳೆಯಬಹುದಾಗಿದ್ದುದನ್ನು ಕೊಳ್ಳುವ ವ್ಯವಹಾರ.

ಟ್ರ್ಯಾಕ್ಟರ್ ತರಿಸಿದರಾಯಿತಲ್ಲ ಎನ್ನುವ ಜಾಣರಿದ್ದಾರೆ. ತರಿಸಿ ನೋಡಲಿ. ಟ್ರ್ಯಾಕ್ಟರಿನವನಿಗೆ ನಮ್ಮಂಥವರ ಹೊಲ ಎಂದರೆ ಬೇಸರ. ಒಂದು ಸಾಲು ಹೊಡೆಯುವಷ್ಟರಲ್ಲಿ ಬದು ಬಂತು, ತಿರುಗಿಸಬೇಕು. ದೊಡ್ಡ ಹೊಲಗಳನ್ನೆಲ್ಲ ಮುಗಿಸಿ ಕಡೆಗೆ ನಮ್ಮಲ್ಲಿಗೆ ಬರುತ್ತಾನೆ, ಅಷ್ಟರಲ್ಲಿ ಹದ ಹೋಗಿರುತ್ತದೆ. ತೊಗರಿ ಮೊಣಕಾಲೆತ್ತರ ಬಂದ ಮೇಲೆ ಸಾಲಿನ ನಡುವಿನ ಕಳೆ ತೆಗೆಯಲು ಎಡೆ ಹೊಡೆಯಬೇಕು. ಅದಕ್ಕೆ ಎತ್ತೇ ಬೇಕು. ಬಾಡಿಗೆ ಎತ್ತು ತರೋಣವೆಂದರೆ ಜೋಡಿ ಇಟ್ಟುಕೊಂಡವರು ಊರಲ್ಲಿ ಉಳಿದದ್ದೇ ನಾಲ್ಕಾರು ಮನೆ, ಅವರೂ ತಮ್ಮದು ಮುಗಿಸಿಕೊಂಡೇ ಬರುತ್ತಾರೆ. ಸಣ್ಣ ಹೊಲದವನು ಎಲ್ಲಿ ಹೋದರೂ ಸರದಿಯ ಕೊನೆಯಲ್ಲಿ ನಿಲ್ಲಬೇಕು. ಅಬ್ಬಾನೂ ಕಾಕಾನೂ ಒಂದೊಂದೇ ಎತ್ತು ಕಟ್ಟಿ ತಪ್ಪಿಸಿಕೊಂಡದ್ದು ಇದನ್ನೇ.

ಕಳೆದ ಚಳಿಗಾಲದಲ್ಲಿ ತಮ್ಮ ಇಲ್ಲಿನ ಗಂಜ್ ಮಾರುಕಟ್ಟೆಗೆ ತೊಗರಿ ಹಾಕಲು ಬಂದವನು ಮಧ್ಯಾಹ್ನ ಊಟಕ್ಕೆ ನಮ್ಮ ಮನೆಗೆ ಬಂದ. ಯಾವಾಗಲೂ ಗಂಜ್‌ನ ದಲಾಲರನ್ನು ಬೈಯುತ್ತ ಬರುವವನು ಆ ದಿನ ಬೈಯಲಿಲ್ಲ. ಮುಖ ನೋಡಿದರೆ ಏನೋ ಇದೆ ಎಂದು ಗೊತ್ತಾಗುತ್ತಿತ್ತು. ಕಮಲಾಪುರದ ಒಂದು ಶಾಲೆಯ ವ್ಯಾನ್ ಓಡಿಸುವ ಕೆಲಸ ಸಿಗುವಂತಿದೆ ಎಂದ. ತಿಂಗಳು ತಿಂಗಳು ಪಗಾರ. ಬೆಳಿಗ್ಗೆ ಸಂಜೆ ಎರಡೂ ಹೊತ್ತು ಡ್ಯೂಟಿ, ಹಾಗಾಗಿ ಹೊಲ, ಎತ್ತು ಎರಡನ್ನೂ ಬಿಡಬೇಕು. ಮಹಾಗಾಂವದ ಟ್ರ್ಯಾಕ್ಟರ್ ಮಾಲಕನೊಬ್ಬ ಹೊಲವನ್ನು ಲಾವಣಿಗೆ ಕೇಳುತ್ತಿದ್ದಾನೆ, ವರ್ಷಕ್ಕಿಷ್ಟು ಎಂದು ಕೊಟ್ಟು ತಾನೇ ಬೆಳೆದುಕೊಳ್ಳುತ್ತಾನೆ. ಕೂಳೆ ಕೀಳುವುದರಿಂದ ಕಳೆ ಔಷಧಿ ಹೊಡೆಯುವವರೆಗೆ ಎಲ್ಲ ಅವನದೇ.

ನನಗೆ ಸಿಟ್ಟು ಬಂತು. ಅಬ್ಬಾ ಇಷ್ಟು ವರ್ಷ ಕಾಪಾಡಿದ್ದನ್ನು ನೀನು ಒಂದು ವ್ಯಾನಿಗಾಗಿ ಬಿಡುತ್ತೀಯಾ ಎಂದು ಕೇಳಿದೆ. ಅವನು ತಟ್ಟೆಯಿಂದ ತಲೆ ಎತ್ತದೆ ಹೇಳಿದ:

"ಹಂಗಾರ ನೀ ಬಂದು ಎತ್ತು ಕಟ್ಟು ಆಪಾ. ನಾ ಬ್ಯಾಡ ಅನ್ನಂಗಿಲ್ಲ."

ಅವನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದೆ. ಅದನ್ನು ಮುರಿಯುತ್ತ ಅವನೇ ಮುಂದುವರಿಸಿದ. ಎರಡು ವರ್ಷದಿಂದ ಬಿಡಬೇಕೆಂದು ಮನಸ್ಸಾಗಿದೆ, ಆದರೆ ಬಿಡಲಾಗುತ್ತಿಲ್ಲ.

"ನಾ ಎತ್ತು ಮಾರಿದ್ರ ಕಾಕಾನ ಎತ್ತು ಒಂಟಿ ಆಗ್ತದ. ಈ ವಯಸ್ಸಿನಾಗ ಅವರು ಎಲ್ಲಿ ಹೋಗಿ ಜೋಡಿ ಹುಡುಕಬೇಕು? ಅವರು ಹೊಲ ಬಿಡೂತನಾ ನಾ ಬಿಡಂಗಿಲ್ಲ."

ವ್ಯಾನಿನ ಕೆಲಸಕ್ಕೆ ಜೂನ್ ತಿಂಗಳ ತನಕ ಸಮಯ ಕೇಳಿದ್ದಾನಂತೆ. ನನಗೆ ಅವನ ಮೇಲೆ ಪ್ರೀತಿ ಉಕ್ಕಿ ಬಂತು, ಜೊತೆಗೆ ಸಮಾಧಾನವೂ ಆಯಿತು. ಹೊಲ ಉಳಿಯಿತು ಎಂದುಕೊಂಡೆ.

ಬೇಸಿಗೆಯಲ್ಲಿ ಕಾಕಾ ಮೊಣಕಾಲು ತೋರಿಸಲು ಸೇಡಂ ರಸ್ತೆಯ ಒಂದು ಆಸ್ಪತ್ರೆಗೆ ಬಂದರು. ಅವರ ಮಗ ಕಮಲಾಪುರದ ಬಸ್ ನಿಲ್ದಾಣದ ಹತ್ತಿರ ಅಂಗಡಿ ಇಟ್ಟುಕೊಂಡು ಚೆನ್ನಾಗಿದ್ದಾನೆ, ಅವನೇ ಕರೆತಂದು ನಮ್ಮ ಮನೆಯಲ್ಲಿ ಬಿಟ್ಟು ಅಂಗಡಿ ನೋಡಲು ವಾಪಸಾದ. ಮರುದಿನ ಮತ್ತೆ ಡಾಕ್ಟರು ಬರಹೇಳಿದ್ದರಿಂದ ಕಾಕಾ ಉಳಿದರು. ಅವರಿಗೆಂದೇ ನಾನು ಬೇರೆ ಪಾತ್ರೆಯಲ್ಲಿ ಅಡುಗೆ ಮಾಡಿದ್ದಕ್ಕೆ ನಕ್ಕರು. ನಿಮ್ಮ ಮನೆಯ ಚಹಾ ಕುಡಿದೇ ನನ್ನ ಹಲ್ಲು ಉದುರಿದ್ದು, ಈಗ ಹೊಸ ಪಾತ್ರೆ ಯಾಕೆ ಎಂದರು.

ಡಾಕ್ಟರು ಹೊಲದ ಕೆಲಸ ಸಾಕು ಎಂದಿದ್ದರು. ಮತ್ತೆ ಯಾಕೆ ಬಿಡುತ್ತಿಲ್ಲ ಎಂದು ಕೇಳಿದೆ. ಮಗನಿಗೂ ಅಪ್ಪ ಹೊಲಕ್ಕೆ ಹೋಗುವುದು ಬೇಡವಾಗಿದೆ. ಲಾವಣಿಗೆ ಕೇಳುತ್ತಿರುವವನು ಅವರ ಹೊಲವನ್ನೂ ಕೇಳಿದ್ದಾನೆ. ಕಾಕಾ ಮೊಣಕಾಲು ನೀವಿಕೊಳ್ಳುತ್ತ ಕೂತಿದ್ದರು.

"ನನಗೂ ಸಾಕಾಗ್ಯದ ಯವ್ವಾ, ಖರೇನ ಹೇಳ್ತೀನಿ. ಆದ್ರ ನಾ ಎತ್ತು ಬಿಟ್ಟೆ ಅಂದ್ರ ನಿನ್ನ ತಮ್ಮನ ಎತ್ತು ಒಂಟಿ ಆಗ್ತದ. ಹುಡುಗ ಹೊಲಾ ಅಂದ್ರ ಜೀವಾ ಬಿಡ್ತಾನ. ಅವನ ಕಮತ ನನ್ನ ಕೈಲೆ ಮುರೀಬಾರದು."

ನಾನು ಒಳಗೆ ಹೋಗಿ ಒಲೆಯ ಮುಂದೆ ನಿಂತೆ. ಮೊದಲು ನಗು ಬಂತು, ಆಮೇಲೆ ಅಳು ಬಂತು. ಒಬ್ಬರಿಗಾಗಿ ಒಬ್ಬರು ಬೇಡದ ಕೆಲಸ ಮಾಡುತ್ತ, ಕಣಿಕೆ ಕೊಂಡು ಹಾಕುತ್ತ, ವರ್ಷ ವರ್ಷ ಕೈಯಿಂದ ದುಡ್ಡು ಕಳೆದುಕೊಳ್ಳುತ್ತ ಕೂತಿದ್ದರು. ಎರಡು ಸಣ್ಣ ಕಮತಗಳನ್ನು ಇಷ್ಟು ದಿನ ಹಿಡಿದು ನಿಲ್ಲಿಸಿದ್ದು ಬೆಲೆಯಲ್ಲ, ಬೆಳೆಯಲ್ಲ, ಯಾವ ಯೋಜನೆಯೂ ಅಲ್ಲ. ಬರೀ ಈ ಸಂಕೋಚ.

ಈಗ ಇಬ್ಬರ ಗುಟ್ಟೂ ನನ್ನ ಬಾಯಲ್ಲಿ ಬಂದು ಕೂತಿತ್ತು. ಹೇಳಿದರೆ ಇಬ್ಬರಿಗೂ ಬಿಡುಗಡೆ, ಎರಡೂ ಹೊಲ ಟ್ರ್ಯಾಕ್ಟರಿನವನ ಕೈಗೆ. ಹೇಳದಿದ್ದರೆ ಈ ಮುಂಗಾರಿಗೂ ಬಿತ್ತುತ್ತಾರೆ, ನನಗೂ ಜೋಳದ ಚೀಲ ಬರುತ್ತದೆ. ಸುಮ್ಮನಿರಲು ನನಗೆ ಬೇಕಾದಷ್ಟು ಒಳ್ಳೆಯ ಕಾರಣಗಳು ಸಿಕ್ಕವು: ಅಬ್ಬಾನ ನೆನಪು, ಮಣ್ಣಿನ ಋಣ, ಇನ್ನೂ ಏನೇನೋ. ಮಕ್ಕಳಿಗೆ ಪ್ರಬಂಧ ಬರೆಸುವವಳಿಗೆ ಅಂಥ ಮಾತುಗಳಿಗೆ ಬರವೇ? ಆದರೆ ಮರುದಿನ ಬೆಳಿಗ್ಗೆ ಕಾಕಾ ಗೋಡೆ ಹಿಡಿದುಕೊಂಡು ಆಸ್ಪತ್ರೆಯ ಮೆಟ್ಟಿಲು ಹತ್ತುವುದನ್ನು ನೋಡಿದ ಮೇಲೆ ಆ ಕಾರಣಗಳು ಒಂದೂ ನಿಲ್ಲಲಿಲ್ಲ.

ಮುಂದಿನ ಭಾನುವಾರ ಊರಿಗೆ ಹೋದೆ. ಬದುವಿನ ಮೇಲಿನ ಬೇವಿನ ಮರದ ಕೆಳಗೆ ಇಬ್ಬರನ್ನೂ ಕೂರಿಸಿ ಹೇಳಿಬಿಟ್ಟೆ. ಇವನು ನಿಮಗಾಗಿ ಬಿಡುತ್ತಿಲ್ಲ ಕಾಕಾ, ಅವರು ನಿನಗಾಗಿ ಬಿಡುತ್ತಿಲ್ಲ. ಇನ್ನು ನೀವುಂಟು, ನಿಮ್ಮ ಎತ್ತುಂಟು ಎಂದೆ.

ಕಾಕಾಗೆ ಸಿಟ್ಟು ಬಂತು. ಇಷ್ಟು ದಿನ ಯಾಕೆ ಬಾಯಿ ಬಿಡಲಿಲ್ಲ ಎಂದು ತಮ್ಮನಿಗೆ ಗದರಿದರು. ನೀವು ಬಾಯಿ ಬಿಟ್ಟಿರಾ ಎಂದು ಅವನೂ ತಿರುಗಿ ಕೇಳಿದ. ಎತ್ತುಗಳು ತಮ್ಮ ಪಾಡಿಗೆ ಬದುವಿನ ಹುಲ್ಲು ಮೇಯುತ್ತಿದ್ದವು. ಕಾಕಾ ಅವುಗಳ ಕಡೆ ನೋಡಿ, ರುಮಾಲಿನಿಂದ ಮುಖ ಒರೆಸಿಕೊಂಡು, ಮಾರುವುದಾದರೆ ಜೋಡಿಯನ್ನೇ ಮಾರಬೇಕು, ನೊಗ ಹೂಡುವವನಿಗೇ ಕೊಡಬೇಕು ಎಂದರು. ತಮ್ಮ ತಲೆಯಾಡಿಸಿದ.

ಕಮಲಾಪುರದ ಸಂತೆಯ ದಿನ ನಾನೂ ಹೋದೆ. ಹೋಗುವ ಕಾರಣ ನನಗಿರಲಿಲ್ಲ, ಮನೆಯಲ್ಲಿ ಕೂರಲು ಆಗಲಿಲ್ಲ ಅಷ್ಟೆ. ಎತ್ತುಗಳನ್ನು ಬಾಡಿಗೆ ಟೆಂಪೋಗೆ ಹತ್ತಿಸುವಾಗ ಕಾಕಾ ತಾವೂ ಮುಂದೆ ಕೂತರು. ಮೊಣಕಾಲು ನೋವಿದೆ, ನೀವು ಬಸ್ಸಿನಲ್ಲಿ ಆರಾಮಾಗಿ ಬನ್ನಿ ಎಂದರೂ ಕೇಳಲಿಲ್ಲ. ಕಾರಣ ಯಾರೂ ಹೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಈಗಿನ ದಿನಗಳಲ್ಲಿ ನನ್ನ ತಮ್ಮನಂಥವನೊಬ್ಬ ಎತ್ತು ತುಂಬಿಕೊಂಡು ರಸ್ತೆಯಲ್ಲಿ ಹೊರಟರೆ ಅಡ್ಡಗಟ್ಟಿ ಕೇಳುವವರಿರುತ್ತಾರೆ. ವಿಭೂತಿ ಹಚ್ಚಿದ ಕಾಕಾನ ಹಣೆ ಮುಂದಿನ ಗಾಜಿನಲ್ಲಿ ಕಾಣುತ್ತಿದ್ದರೆ ಯಾರೂ ಕೇಳುವುದಿಲ್ಲ. ಇದರಿಂದ ನನಗೆ ನೋವಾಗುತ್ತದೆ, ಆ ದಿನವೂ ಆಯಿತು.

ಸಂತೆಯಲ್ಲಿ ಕೆಂಪು ಬಾಳೆಯ ರಾಶಿಗಳನ್ನು ದಾಟಿ ಆಚೆ ದನಗಳ ಸಾಲು. ಮೊದಲಿನಷ್ಟು ದನಗಳಿರಲಿಲ್ಲ. ಬಂದವರಲ್ಲಿ ಹೆಚ್ಚಿನವರು ಒಂದೊಂದನ್ನೇ ಕೇಳಿದರು, ಕಾಕಾ ಅವರ ಕಡೆ ನೋಡಲೂ ಇಲ್ಲ. ಬಿಸಿಲು ನೆತ್ತಿಗೇರುವ ಹೊತ್ತಿಗೆ ಒಬ್ಬ ರೈತ ಬಂದ. ಹೊಲ ದೊಡ್ಡದಿದೆ, ಆದರೂ ಎಡೆ ಹೊಡೆಯಲು ಎತ್ತೇ ಬೇಕು ಎಂದ. ನಾವು ತಂದಿದ್ದ ನೊಗಕ್ಕೆ ಎತ್ತುಗಳನ್ನು ಹೂಡಿಸಿ, ನಡೆಸಿ, ಹೊರಳಿಸಿ ನೋಡಿದ. ನೋಡನೋಡುತ್ತ ಅವನ ಮುಖ ಅರಳಿತು. ಇಷ್ಟು ಹೊಂದಿದ ಜೋಡಿ ಈಗ ಎಲ್ಲಿ ಸಿಗುತ್ತದೆ ಎಂದು ತಾನೇ ಹೇಳಿಕೊಂಡ. ಆಮೇಲೆ ಟೆಂಪೋ ಬಳಿ ನಿಂತ ಕಾಕಾನನ್ನು, ಪಕ್ಕದಲ್ಲಿ ಗಡ್ಡ ಬಿಟ್ಟ ನನ್ನ ತಮ್ಮನನ್ನು ನೋಡಿ, ಯಾವುದು ಯಾರದು, ಯಾರ ಕೈಗೆಷ್ಟು ಕೊಡಬೇಕು ಎಂದು ಕೇಳಿದ.

"ಎರಡೂ ಒಂದೇ ಮನೀವು ರೀ," ಎಂದರು ಕಾಕಾ. "ಅವನ ಕೈಯಾಗ ಕೊಡ್ರಿ."

ತಮ್ಮ ದುಡ್ಡು ತೆಗೆದುಕೊಂಡು ಎಣಿಸದೆ ಜೇಬಿಗೆ ಹಾಕಿದ. ಹಗ್ಗಗಳು ಕೈ ಬದಲಾದವು. ರೈತ ಎತ್ತುಗಳನ್ನು ಹೊಡೆದುಕೊಂಡು ಹೊರಟಾಗ ನೊಗವಿರಲಿಲ್ಲ, ಆದರೂ ನಮ್ಮದು ಎಡಕ್ಕೆ, ಕಾಕಾನದು ಬಲಕ್ಕೆ ನಡೆಯುತ್ತಿದ್ದವು. ನಾನು ಅಲ್ಲೇ ಅತ್ತೆ, ಸಂತೆಯ ಜನ ನೋಡಿದರೂ ನಿಲ್ಲಿಸಲಿಲ್ಲ.

ವಾಪಸು ಬರುವಾಗ ಟೆಂಪೋದ ಹಿಂದೆ ಖಾಲಿ ನೊಗ ಸದ್ದು ಮಾಡುತ್ತಿತ್ತು. ಅದನ್ನು ಮಾರಲು ಇಬ್ಬರಿಗೂ ಮನಸ್ಸಾಗಿರಲಿಲ್ಲ, ಇಟ್ಟುಕೊಂಡು ಏನು ಮಾಡುವುದೆಂದೂ ಗೊತ್ತಿರಲಿಲ್ಲ. ಮುಂದೆ ನಾವು ಮೂವರೂ ಒತ್ತಿಕೊಂಡು ಕೂತಿದ್ದೆವು, ತಮ್ಮ ಓಡಿಸುತ್ತಿದ್ದ. ದಾರಿಯ ಎರಡೂ ಕಡೆ ಹೊಲಗಳು ಮಳೆಗಾಗಿ ಹಸನಾಗಿ ಬಿದ್ದಿದ್ದವು. ಮೋಡ ಕಟ್ಟುತ್ತಿತ್ತು.

ಅದನ್ನು ನೋಡುತ್ತ ಕಾಕಾ ಕೇಳಿದರು, "ಈ ವರ್ಷ ಮೊದಲ ಬಿತ್ತೋ ಪಾಳಿ ಯಾರದಿತ್ತೋ?"

ಹೋದ ವರ್ಷ ಮೊದಲು ಬಿತ್ತಿದ್ದು ಕಾಕಾ. ತಮ್ಮ ಅದಕ್ಕಾಗಿ ಒಂದು ವಾರ ಕಾದು, ಮಳೆಯನ್ನೂ ನನ್ನನ್ನೂ ಸೇರಿಸಿ ಬೈದಿದ್ದ. ಈ ವರ್ಷದ ಪಾಳಿ ನಮ್ಮದು, ಅದರಲ್ಲಿ ಅನುಮಾನವೇ ಇರಲಿಲ್ಲ.

"ನಿಮ್ದ ಇತ್ತು ರೀ ಕಾಕಾ," ಎಂದ ತಮ್ಮ, ರಸ್ತೆಯಿಂದ ಕಣ್ಣು ಕೀಳದೆ.

"ಸುಳ್ಳು ಹೇಳಬ್ಯಾಡ. ನಿಮ್ದ ಇತ್ತು."

"ಇಲ್ರಿ. ನಿಮ್ದ."

ಕಾಕಾ ದನಿ ಏರಿಸಿದರು. ಹೋದ ವರ್ಷದ ಲೆಕ್ಕ, ಅದರ ಹಿಂದಿನ ವರ್ಷದ ಲೆಕ್ಕ, ಅಬ್ಬಾ ಇದ್ದಾಗಿನ ಲೆಕ್ಕ ಎಲ್ಲ ತೆಗೆದರು. ತಮ್ಮನೂ ಅವಕ್ಕೆಲ್ಲ ಸುಳ್ಳು ಲೆಕ್ಕ ಕೊಟ್ಟು ವಾದಿಸಿದ. ಮಹಾಗಾಂವ ಕ್ರಾಸಿನಲ್ಲಿ ನನ್ನನ್ನು ಕಲಬುರಗಿಯ ಬಸ್ಸಿಗೆ ಇಳಿಸುವವರೆಗೂ ಇಬ್ಬರೂ ಸೋಲಲಿಲ್ಲ.